ಓನರಮ್ಮ ಮೆಟ್ಟಿಲು ಹತ್ತುವ ಬಗೆ

ಬೆಳಗಿನ ಐದೂವರೆ ಗಂಟೆ. ಮೇಟಗಳ್ಳಿಯ ಈ ಅಡ್ಡರಸ್ತೆಯಲ್ಲಿ ಕಾರ್ಖಾನೆಯ ಮೊದಲ ಪಾಳಿಯವರ ಬೈಕುಗಳು ಇನ್ನೂ ಹೊರಟಿಲ್ಲ. ಮಹಡಿ ಮನೆಯೊಂದರ ಹೊರಗಿನ ಮೆಟ್ಟಿಲ ಬುಡದಲ್ಲಿ ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಬಲಗೈಯಲ್ಲಿ ಅಂಚಿನವರೆಗೆ ತುಂಬಿದ ಬಿಸಿ ಕಾಫಿಯ ಸ್ಟೀಲ್ ಲೋಟ. ಎಡಗೈಯಲ್ಲಿ ಯಾವ ಬಾಗಿಲಿಗೂ ಸೇರದ ಬೀಗದ ಕೈಗಳ ಗೊಂಚಲು. ಎರಡೂ ಕೈ ತುಂಬಿರುವಾಗ ಕಂಬಿ ಹಿಡಿಯುವ ಮಾತೆಲ್ಲಿ ಬಂತು? ಬಲ ಮಂಡಿಗೆ ಬ್ಯಾಂಡೇಜು ಸುತ್ತಿದೆ. ಸೀರೆ ಅದನ್ನು ಮುಚ್ಚಿದೆ. ನೋಡಿದವರಿಗೆ ಗೊತ್ತಾಗಬಾರದು, ಅವರಿಗೆ ಬೇಕಾಗಿರುವುದೂ ಅಷ್ಟೇ.

ಒಂದು, ಎರಡು, ಮೂರು. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಹದಿನಾಲ್ಕು ಮೆಟ್ಟಿಲು ಸರಸರ ಹತ್ತಿ ಮೇಲಿನ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಬಾಗಿಲು ತೆಗೆಯುವವರು ಈ ಮನೆಯ ಒಡತಿ ಪುಟ್ಟತಾಯಮ್ಮ, ವಯಸ್ಸು ಎಪ್ಪತ್ತನಾಲ್ಕು. ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದು, "ಇವತ್ತು ಸಕ್ಕರೆ ಮುಂದಾಯ್ತು" ಎಂದು ಒಳಗೆ ಹೋಗುತ್ತಾರೆ. ಥ್ಯಾಂಕ್ಸೂ ಇಲ್ಲ, ಮಣ್ಣೂ ಇಲ್ಲ. ಸಿದ್ದಲಿಂಗಮ್ಮನಿಗೆ ಅದರ ಗೊಡವೆಯೂ ಇಲ್ಲ. ಅವರು ಮೊಬೈಲಿನ ಟಾರ್ಚ್ ಹಾಕಿಕೊಂಡು ಪ್ರತಿ ಮೆಟ್ಟಿಲನ್ನೂ ಬಗ್ಗಿ ನೋಡುತ್ತ ಕೆಳಗಿಳಿಯುತ್ತಿದ್ದಾರೆ.

"ಮೂರು ಹನಿ ಚೆಲ್ಲಿದೆ. ನಿನ್ನೆ ಐದಿತ್ತು," ಎನ್ನುತ್ತಾರೆ. ಮುಖದಲ್ಲಿ ಒಂದು ಸಣ್ಣ ನಗು.

ಐವತ್ತೊಂಬತ್ತರ ಈ ಹೆಂಗಸು ಮನೆಯಲ್ಲಿ ಬಾಡಿಗೆದಾರರು, ರಂಗದ ಮೇಲೆ ಮನೆ ಒಡತಿ. ಮೈಸೂರಿನ ಹವ್ಯಾಸಿ ತಂಡ 'ಹೊಂಗೆ ಬಳಗ' ನಾಲ್ಕು ದಶಕದಿಂದ ಆಡಿಕೊಂಡು ಬಂದಿರುವ ಪತ್ತೇದಾರಿ ನಾಟಕವೊಂದಿದೆ. ಪತ್ತೇದಾರ ಕಪಿನೀಪತಿ ಒಂದು ಹಳೇ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದಾನೆ. ಊರಿನ ಕಳ್ಳತನ, ಕೊಲೆ, ಕಾಣೆಯಾದ ಒಡವೆ ಎಲ್ಲವೂ ಆ ರೂಮಿನಲ್ಲೇ ಬಗೆಹರಿಯುತ್ತವೆ. ಅವನ ತಲೆ ಓಡಬೇಕಾದರೆ ಕಾಫಿ ಬೇಕು, ಕಾಫಿ ಬರಬೇಕಾದರೆ ಕೆಳಗಿನಿಂದ ಓನರಮ್ಮ ಹತ್ತಿ ಬರಬೇಕು. ಪಾತ್ರಕ್ಕೆ ಹೆಸರೇ ಇಲ್ಲ. ನಾಟಕದ ಪ್ರತಿಯಲ್ಲಿ 'ಮನೆ ಓನರಮ್ಮ' ಎಂದಷ್ಟೇ ಬರೆದಿದೆ. ಇಡೀ ನಾಟಕಕ್ಕೆ ಆರು ಮಾತು. ಕೊನೆಯ ಮಾತನ್ನಂತೂ ಪ್ರೇಕ್ಷಕರೇ ಜೊತೆಗೂಡಿ ಹೇಳುತ್ತಾರೆ: "ಕಾಫಿ ಆರೋಗುತ್ತೆ ಕಪಿನೀಪತಿಗಳೇ. ಕಳ್ಳ ಎಲ್ಲೂ ಹೋಗಲ್ಲ."

ಮೂವತ್ತನಾಲ್ಕು ವರ್ಷದಿಂದ ಈ ಮಾತು ಹೇಳುತ್ತಿರುವವರು ಸಿದ್ದಲಿಂಗಮ್ಮ. ಮುಂದಿನ ಭಾನುವಾರ ಇನ್ನೂರನೇ ಪ್ರಯೋಗ. ಆ ದಿನ ಅವರೇ ಹೇಳುತ್ತಾರೋ ಇಲ್ಲವೋ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ಈ ಬೆಳಗಿನ ತಾಲೀಮು.

ಹುಟ್ಟಿದ್ದು ನರಸೀಪುರದ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಜಯಲಕ್ಷ್ಮಿಪುರಂನ ಒಂದು ಶಾಲೆಯಲ್ಲಿ ಆಯಾ ಕೆಲಸ. ಸಂಜೆ ಶಾಲೆಯ ಹಾಲ್‌ನಲ್ಲಿ ಬಳಗದವರು ತಾಲೀಮು ನಡೆಸುತ್ತಿದ್ದರು. "ಅವರು ಎದ್ದೋದ ಮೇಲೆ ನಾನು ಬೀಗ ಹಾಕ್ಬೇಕಿತ್ತಲ್ಲ, ಕಾಯ್ಕೊಂಡು ಕೂತಿರ್ತಿದ್ದೆ. ಕೇಳಿ ಕೇಳಿ ಎಲ್ಲಾರ ಮಾತೂ ಬಾಯಿಗೆ ಬಂದ್ಬುಡ್ತು," ಎಂದು ನೆನೆಯುತ್ತಾರೆ.

ಆಗ ಓನರಮ್ಮನ ಪಾತ್ರ ಮಾಡುತ್ತಿದ್ದವರು ಮಹದೇವಯ್ಯ ಎಂಬ ಮಿಲ್ ಕಾರ್ಮಿಕರು. ಪ್ರಯೋಗದ ದಿನ ಮೀಸೆ ಬೋಳಿಸಿ, ಮಾರನೇ ದಿನದಿಂದ ಮತ್ತೆ ಬೆಳೆಸಲು ಶುರುಮಾಡುತ್ತಿದ್ದ ಪುಣ್ಯಾತ್ಮ. ಒಂದು ಪ್ರಯೋಗದ ಸಂಜೆ ಅವರು ಜ್ವರ ನೆತ್ತಿಗೇರಿ ಹಾಲ್‌ನಲ್ಲೇ ಮಲಗಿದರು, ಏಳಲಾಗಲಿಲ್ಲ. ಹಾಲ್‌ನ ಮೂಲೆಯಲ್ಲಿ ಬೀಗದ ಕೈ ಹಿಡಿದು ಕೂತಿದ್ದ ಇಪ್ಪತ್ತೈದರ ಆಯಾಳನ್ನು ತೋರಿಸಿ, "ಇವಳಿಗೆ ಸೀರೆ ಉಡಿಸೋ ಕೆಲಸಾನೂ ಇಲ್ಲ, ಉಟ್ಟೇ ಇದಾಳೆ" ಎಂದರಂತೆ. ಮಾರನೇ ವಾರ ಗುಣವಾಗಿ ಬಂದವರು ಪಾತ್ರವನ್ನು ವಾಪಸ್ ಕೇಳಲಿಲ್ಲ. ಬೀಗದ ಕೈ ಗೊಂಚಲು ಕೊಟ್ಟರು, ಜೊತೆಗೆ ಒಂದು ಬುದ್ಧಿಮಾತು: ಲೋಟದಲ್ಲಿ ನಿಜವಾದ ಕಾಫಿ ಇರಬೇಕು, ಬಿಸಿ ಇರಬೇಕು, ತುಂಬಿರಬೇಕು. ಖಾಲಿ ಲೋಟ ಹಿಡಿದರೆ ಮಣಿಕಟ್ಟು ಸುಳ್ಳು ಹೇಳುತ್ತದೆ. ಮಹದೇವಯ್ಯ ಈಗಿಲ್ಲ, ಕಾಫಿ ಮಾತ್ರ ಇವತ್ತಿಗೂ ಬಿಸಿಯಾಗಿಯೇ ಮೇಲೆ ಹೋಗುತ್ತದೆ.

ನಾಟಕ ಹೆಸರು ಮಾಡಿದ ಮೇಲೆ ರೇಡಿಯೋದವರು ಬಂದರು. ಓನರಮ್ಮನ ಧ್ವನಿಗೆ ಬೇರೊಬ್ಬ ಕಲಾವಿದೆಯನ್ನು ಆರಿಸಿದರು. ಆದರೆ ಮೆಟ್ಟಿಲು ಹತ್ತುವ ಸದ್ದು ಯಾರು ಮಾಡಿದರೂ ಸರಿಹೋಗಲಿಲ್ಲ. ಕೊನೆಗೆ ಸಿದ್ದಲಿಂಗಮ್ಮನನ್ನು ಕರೆಸಿ ಮರದ ಬೆಂಚಿನ ಮೇಲೆ ಹತ್ತಿಸಿ ಇಳಿಸಿದರು. ಆಮೇಲೆ ಹದಿಮೂರು ಕಂತಿನ ಟೀವಿ ಧಾರಾವಾಹಿ ಬಂತು. ಮುಖಕ್ಕೆ ಹೆಸರಾಂತ ನಟಿ ಬಂದರು, ಪಾಪ, ಅವರಿಗೆ ಬಿಸಿ ಲೋಟ ಹಿಡಿಯಲಿಕ್ಕೇ ಆಗುತ್ತಿರಲಿಲ್ಲ. ಹತ್ತಿರದಿಂದ ತೋರಿಸಿದ ಕೈ ಸಿದ್ದಲಿಂಗಮ್ಮನದು. ಈಗ ಮೊಬೈಲಿನಲ್ಲಿ ಕೇಳುವ ಧ್ವನಿ ಸರಣಿಯೂ ಬಂದಿದೆ. ಅದರಲ್ಲಿ ಮಾತು ಬಳಗದ ಹೊಸ ನಟಿ ಭಾನುಪ್ರಿಯಾಳದು, ಹೆಜ್ಜೆ ಸದ್ದು ಕಂಪ್ಯೂಟರಿನದು. ಎಲ್ಲಿಯೂ ಸಿದ್ದಲಿಂಗಮ್ಮನ ಹೆಸರು ಬರಲಿಲ್ಲ.

ಬೇಜಾರಿಲ್ಲವೇ ಎಂದರೆ ಮುಚ್ಚಿಡುವುದಿಲ್ಲ. "ಇಲ್ಲ ಅಂದ್ರೆ ಸುಳ್ಳಾಗ್ತದೆ. ರೇಡಿಯೋದಲ್ಲಿ ನಾನು ಬರೀ ಕಾಲು. ಟೀವೀಲಿ ಬರೀ ಕೈ. ಪೂರ್ತಿ ನಾನು ಅಂತ ಇರೋದು ಸ್ಟೇಜ್ ಮೇಲೊಂದೇ ಕಣ್ರೀ. ಅದೂ ಹೋದ್ರೆ ಎಂಗೆ ಹೇಳಿ?"

ಹೋಗುವ ಹೆದರಿಕೆ ತಂದದ್ದು ಮಂಡಿ. ಹದಿನೆಂಟು ವರ್ಷದಿಂದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ನಿಂತೇ ಕೆಲಸ. ಒಂದು ಪಾಳಿಗೆ ಮುನ್ನೂರಿಪ್ಪತ್ತು ಲೋಟ ಕಾಫಿ, ಟೀ. "ಬೆಳಗಿಂದ ಕ್ಯಾಂಟೀನಲ್ಲಿ ಕಾಫಿ, ಸಂಜೆಗೆ ನಾಟಕದಲ್ಲಿ ಕಾಫಿ, ಈಗ ಮುಂಜಾನೆಗೆ ಮೇಲ್ಮನೆಗೂ ಕಾಫಿ. ನನಗೆ ಮಾತ್ರ ಪಾತ್ರೆ ತಳದ್ದು," ಎಂದು ಗೊಣಗುತ್ತಾರೆ ಅವರ ಯಜಮಾನರು ಚಿಕ್ಕಬಸವಯ್ಯ. ಗೊಣಗುತ್ತಲೇ ಹೆಂಡತಿಯ ಮಂಡಿಗೆ ಎಣ್ಣೆ ಕಾಯಿಸುತ್ತಾರೆ. ಡಾಕ್ಟರು ಮೆಟ್ಟಿಲು ಹತ್ತಲೇಬೇಡಿ ಎಂದಿದ್ದಾರೆ. ರಂಗದ ಮೇಲಿರುವುದು ಹನ್ನೊಂದು ಮರದ ಮೆಟ್ಟಿಲು.

ನಿರ್ದೇಶಕ ರಾಜೇಶ್ ಕೆಟ್ಟವರೇನಲ್ಲ. ಪತ್ತೇದಾರನ ರೂಮನ್ನೇ ಕೆಳಗಿಳಿಸೋಣ ಎಂದು ಅವರು ಮೊದಲೇ ಹೇಳಿದ್ದರು. ಒಪ್ಪದವರು ಸಿದ್ದಲಿಂಗಮ್ಮ. "ಪಕ್ಕದ ರೂಮಿಗೆ ಕಾಫಿ ಕೊಡೋದು ಯಾವ ಸೀಮೆ ದೊಡ್ಡಸ್ತಿಕೆ ರಾಜೇಶಪ್ಪ? ಅವಳು ಹತ್ಕೊಂಡು ಬರ್ತಾಳೆ, ಅದಕ್ಕೇ ಅವಳು ಓನರಮ್ಮ." ರಾಜೇಶ್‌ಗೆ ಪೀಕಲಾಟ. "ಅಕ್ಕ, ತುಂಬಿದ ಹಾಲ್‌ನಲ್ಲಿ ನೀವು ಬಿದ್ರೆ ನಾನು ಬಸವಯ್ಯಣ್ಣಂಗೆ ಏನು ಉತ್ತರ ಹೇಳ್ಲಿ?" ಕೊನೆಗೆ ಒಂದು ಒಪ್ಪಂದವಾಯಿತು. ಗುರುವಾರದ ತಾಲೀಮಿನಲ್ಲಿ ಯಾರ ಆಸರೆಯೂ ಇಲ್ಲದೆ, ನೋಡುವವರಿಗೆ ನೋವು ಕಾಣದ ಹಾಗೆ ಹತ್ತಿದರೆ ಪಾತ್ರ ಅಕ್ಕನದು. ಇಲ್ಲವಾದರೆ ಭಾನುಪ್ರಿಯಾ ಸೀರೆ ಉಡುತ್ತಾಳೆ.

ಆ ಹುಡುಗಿಯ ಸಂಕಟವೂ ಸಣ್ಣದಲ್ಲ. "ಸೀರೆ ಮಡಿಚಿ ಕೈಯಲ್ಲಿ ಇಟ್ಕೊಂಡು, ಅಕ್ಕ ಬೀಳ್ತಾರಾ ಅಂತ ನೋಡ್ತಾ ನಿಲ್ಬೇಕು. ನನಗೆ ಈ ಥರ ಪಾರ್ಟೇ ಬೇಡ ಅನ್ಸುತ್ತೆ," ಎನ್ನುತ್ತಾಳೆ.

ಸಿದ್ದಲಿಂಗಮ್ಮ ಹತ್ತುವ ರೀತಿಗೆ ಮೈಸೂರಿನಲ್ಲಿ ದೊಡ್ಡ ಹೆಸರಿದೆ. ಹನ್ನೊಂದು ಮೆಟ್ಟಿಲು ಒಂದೇ ಉಸಿರಿಗೆ, ಹಗುರಾಗಿ, ತಡವಿಲ್ಲದೆ. ಅದನ್ನು ಕಲಿತದ್ದು ನಾಟಕದಲ್ಲಲ್ಲ, ಒಂಬತ್ತು ಬಾಡಿಗೆ ಮನೆಗಳಲ್ಲಿ. "ಓನರ್ ಮನೆ ಮುಂದೆ ಸದ್ದು ಮಾಡ್ಬಾರ್ದು, ನೀರು ಚೆಲ್ಬಾರ್ದು, ಮೆಟ್ಲಲ್ಲಿ ನಿಂತ್ಕೋಬಾರ್ದು. ಬಂದ್ವಾ, ಒಳಗೋದ್ವಾ ಅಂತಿರ್ಬೇಕು." ಆ ಮನೆಗಳು ಸಿಕ್ಕಿದ್ದಾದರೂ ಸಲೀಸಾಗಿಯೇ? "ಮನೆ ಬಾಡಿಗೆಗಿದೆ ಅಂತ ಬೋರ್ಡಿರೋದು. ಒಳಗೋದ್ರೆ ಮೊದಲು ಬಾಡಿಗೆ ಹೇಳ್ತಿರ್ಲಿಲ್ಲ, ನೀವು ಯಾವ ಜನ ಅಂತ ಕೇಳೋರು. ನಾವು ಹೇಳಿದ ಮೇಲೆ ಮನೆ ಖಾಲಿ ಇರ್ತಿರ್ಲಿಲ್ಲ." ಇದನ್ನು ಹೇಳುವಾಗ ದನಿ ಏರುವುದಿಲ್ಲ. ಕೇಳಿದವರಿಗೇ ನಾಚಿಕೆಯಾಗಬೇಕು.

ಪುಟ್ಟತಾಯಮ್ಮ ಆ ಪ್ರಶ್ನೆ ಕೇಳಲಿಲ್ಲವಂತೆ. "ನೀರು ಜಾಸ್ತಿ ಖರ್ಚು ಮಾಡ್ತೀಯಾ?" ಎಂದು ಮಾತ್ರ ಕೇಳಿ ಕೆಳಮನೆ ಕೊಟ್ಟರು. ಅದಾಗಿ ಆರು ವರ್ಷ. ತಾಲೀಮಿಗೆ ಮೆಟ್ಟಿಲು ಬೇಕು ಎಂದಾಗಲೂ ಅಡ್ಡಿ ಮಾಡಲಿಲ್ಲ, ಬಿಟ್ಟಿ ಕಾಫಿ ಯಾರಿಗೆ ಬೇಡ. ಆದರೆ ನಾಟಕದ ಕತೆ ಕೇಳಿದ ದಿನದಿಂದ ಅವರದು ಒಂದೇ ತಕರಾರು. "ಯಾವ ಓನರ್ರು ಬಾಡಿಗೆಯವನಿಗೆ ಕಾಫಿ ಹೊರ್ತಾಳೆ? ಅದೂ ತನ್ನ ಮನೆ ಬಾಗಿಲು ತಾನೇ ತಟ್ಕೊಂಡು? ಬರೆದವನು ಬಾಡಿಗೆ ಮನೇಲೇ ಸತ್ತಿರ್ಬೇಕು ಕಣೇ."

ಬುಧವಾರ ಬೆಳಿಗ್ಗೆ ಮಂಡಿ ಊದಿಕೊಂಡು ಗಡಿಗೆಯಾಗಿದೆ. ಸಿದ್ದಲಿಂಗಮ್ಮ ಕಿಟಕಿ ಪಕ್ಕದ ಮಂಚದಿಂದ ಏಳಲಾಗದೆ ಮಲಗಿದ್ದಾರೆ. ಕ್ಯಾಂಟೀನಿಗೆ ರಜೆ ಹೇಳಿದ್ದಾಗಿದೆ. ನಾಳೆಯದು ಮುಗಿಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಆಗಿದೆ, ಕಣ್ಣೀರೂ ಬಂದಿದೆ. ಅಷ್ಟರಲ್ಲಿ ಕಿಟಕಿಯಾಚೆ ಮೆಟ್ಟಿಲ ಮೇಲೆ ಎರಡು ಪಾದ ಕಾಣುತ್ತವೆ.

ಪುಟ್ಟತಾಯಮ್ಮ ಇಳಿಯುತ್ತಿದ್ದಾರೆ, ಕೈಯಲ್ಲಿ ಲೋಟ. ನಾಲ್ಕು ಮೆಟ್ಟಿಲು ಇಳಿದು ನಿಲ್ಲುತ್ತಾರೆ. ಲೋಟವನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲೇ ಕೂರುತ್ತಾರೆ. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು, "ಈ ಸಲ ಬಣ್ಣ ಹೊಡೆಸ್ಬೇಕು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಬೀದಿಯನ್ನು ಆ ಕಡೆ ಈ ಕಡೆ ನೋಡುತ್ತಾರೆ. ಕಂಬಿಯ ಮೇಲಿನ ಧೂಳು ಒರೆಸಿ ಬೆರಳನ್ನು ಸೆರಗಿಗೆ ಉಜ್ಜುತ್ತಾರೆ. ಆಮೇಲೆ ಎದ್ದು ಮತ್ತೆ ನಾಲ್ಕು ಮೆಟ್ಟಿಲು. ಮತ್ತೆ ಕೂರುತ್ತಾರೆ. ಅವರ ಮಂಡಿಯೂ ಸವೆದಿರುವುದೇ. ಆದರೆ ನೋಡುತ್ತಿರುವ ಸಿದ್ದಲಿಂಗಮ್ಮನಿಗೆ ಅಲ್ಲಿ ನೋವು ಕಾಣುತ್ತಿಲ್ಲ, ಯಜಮಾನಿಕೆ ಕಾಣುತ್ತಿದೆ.

ಬಾಗಿಲ ಮೇಲೆ ಎರಡು ಸಲ ತಟ್ಟಿದ ಸದ್ದು. ಚಿಕ್ಕಬಸವಯ್ಯ ತೆಗೆಯುತ್ತಾರೆ.

"ನೀನು ಬರ್ಲಿಲ್ಲ, ಕಾಫಿ ಇಲ್ದೆ ತಲೆ ಸಿಡೀತಿತ್ತು. ನಾನೇ ಮಾಡ್ಕೊಂಡು ನಿನಗೂ ತಂದೆ. ನಿನ್ನ ಕೈದರಂಗಿಲ್ಲ, ಕುಡಿ," ಎನ್ನುತ್ತಾರೆ ಪುಟ್ಟತಾಯಮ್ಮ.

ಕಾಫಿ ಆಗಲೇ ಆರಿದೆ. ಸಿದ್ದಲಿಂಗಮ್ಮ ಎದ್ದು ಕೂತು ಅದನ್ನೇ ಎರಡು ಕೈಯಲ್ಲಿ ಹಿಡಿದು, "ಅಮ್ಮೋರೇ, ನಿಮ್ಮ ಮನೆ ಬಾಗಿಲು ನೀವೇ ಯಾಕೆ ತಟ್ಟಿದ್ರಿ?" ಎನ್ನುತ್ತಾರೆ.

"ಬಾಡಿಗೆ ಕೊಡ್ತೀಯಲ್ಲ. ಬಾಗಿಲು ನಿಂದು. ಮೆಟ್ಲು ನಂದು," ಎಂದು ಮುದುಕಿ ಮಂಚದ ಅಂಚಿಗೆ ಕೂರುತ್ತಾರೆ.

ಗುರುವಾರ ಸಂಜೆ ಅದೇ ಶಾಲೆಯ ಹಾಲ್. ಊತ ಇಳಿದಿದೆ, ನೋವು ಇಳಿದಿಲ್ಲ. ಭಾನುಪ್ರಿಯಾ ಪಕ್ಕದಲ್ಲಿ ಸೀರೆ ಅವುಚಿಕೊಂಡು ನಿಂತಿದ್ದಾಳೆ. ಸಿದ್ದಲಿಂಗಮ್ಮ ಲೋಟ, ಗೊಂಚಲು ಹಿಡಿದು ಹೊರಡುತ್ತಾರೆ. ಎಂದಿನ ವೇಗ ಇಲ್ಲ. ಐದನೇ ಮೆಟ್ಟಿಲಿಗೆ ನಿಂತೇಬಿಡುತ್ತಾರೆ. ರಾಜೇಶ್ ಗಾಬರಿಯಿಂದ ಕುರ್ಚಿ ಬಿಟ್ಟು ಏಳುತ್ತಾರೆ. ಸಿದ್ದಲಿಂಗಮ್ಮ ಲೋಟವನ್ನು ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಾರೆ. ಗೊಂಚಲಿನ ಒಂದೊಂದೇ ಬೀಗದ ಕೈಯನ್ನು ನೋಡುತ್ತಾರೆ. ಕಂಬಿಯ ಮೇಲೆ ಬೆರಳಾಡಿಸಿ, ಧೂಳು ಕಂಡು ಮುಖ ಸಿಂಡರಿಸಿ, ಸೆರಗಿಗೆ ಒರೆಸಿಕೊಳ್ಳುತ್ತಾರೆ. ತಲೆಯೆತ್ತಿ ಸೂರು, ಗೋಡೆ, ಎದುರಿನ ಖಾಲಿ ಕುರ್ಚಿಗಳ ಸಾಲು ಎಲ್ಲವನ್ನೂ ಸಾವಕಾಶವಾಗಿ ನೋಡುತ್ತಾರೆ. ರಾಜೇಶ್ ಮೆಲ್ಲಗೆ ಮತ್ತೆ ಕೂರುತ್ತಾರೆ.

ಆಮೇಲೆ ಲೋಟ ಎತ್ತಿಕೊಂಡು, ಗೊಂಚಲಿರುವ ಕೈಯನ್ನೇ ಕಂಬಿಗೆ ಊರಿ ಏಳುತ್ತಾರೆ. ಬೀಗದ ಕೈಗಳು ಝಣ್ ಎನ್ನುತ್ತವೆ. ಉಳಿದ ಆರು ಮೆಟ್ಟಿಲಿಗೂ ಅದೇ ಝಣ್. ಬಾಗಿಲನ್ನು ಎರಡು ಸಲ ತಟ್ಟಿ, ಮೂವತ್ತನಾಲ್ಕು ವರ್ಷದ ಮಾತಿನಲ್ಲಿ ಮೊದಲ ಸಲ ಒಂದು ಬದಲಾವಣೆ ಮಾಡುತ್ತಾರೆ: "ಕಾಫಿ ಆರೋಗಿದೆ ಕಪಿನೀಪತಿಗಳೇ. ಕಳ್ಳ ಎಲ್ಲೂ ಹೋಗಲ್ಲ."

ರಾಜೇಶ್ ನಗುತ್ತಾರೆ, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಭಾನುಪ್ರಿಯಾ ಯಾರನ್ನೂ ಕೇಳದೆ ಮೇಲೆ ಹತ್ತಿ ಹೋಗಿ ಸೀರೆಯನ್ನು ಅಕ್ಕನ ಕೈಗಿಡುತ್ತಾಳೆ. ಈ ಊರಿನಲ್ಲಿ ಓನರಮ್ಮನ ಪಾತ್ರ ಮಾಡಿದವರು ಹಲವರಿದ್ದಾರೆ, ಧ್ವನಿ ಕೊಟ್ಟವರು, ಮುಖ ಕೊಟ್ಟವರು. ಆ ಸಂಜೆ ಕಂಡ ಓನರಮ್ಮನನ್ನು ಯಾರೂ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಭಾನುವಾರಕ್ಕೆ ಸಿದ್ದಲಿಂಗಮ್ಮನದು ಒಂದೇ ಬೇಡಿಕೆ. ಪುಟ್ಟತಾಯಮ್ಮನಿಗೆ ಮುಂದಿನ ಸಾಲಿನಲ್ಲಿ, ಮೆಟ್ಟಿಲು ಪೂರ್ತಿ ಕಾಣುವ ಕಡೆ ಒಂದು ಕುರ್ಚಿ ಬೇಕು. ಅದನ್ನು ರಾಜೇಶ್ ಬರೆದುಕೊಂಡಿದ್ದಾರೆ. ತುಂಬ ಸುಸ್ತಾಗಿತ್ತಾ, ಅದಕ್ಕೆ ಕೂತಿರಾ ಎಂದು ಕೇಳಿದರೆ ಸಿದ್ದಲಿಂಗಮ್ಮ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಹೇಳುತ್ತಾರೆ:

"ಸುಸ್ತೇನೋ ಇತ್ತು, ಬುಡಿ. ಆದ್ರೆ ಇಷ್ಟು ವರ್ಷ ನಾನು ಬಾಡಿಗೆಯೋಳಂಗೇ ಹತ್ತಿದೀನಿ ಕಣ್ರೀ, ಸದ್ದಾಗ್ಬಾರ್ದು, ಬೇಗ ಹೋಗ್ಬುಡ್ಬೇಕು ಅಂತ. ಓನರಮ್ಮಂಗೆ ಏನು ಅವಸರ? ಅವಳ ಮೆಟ್ಲು. ಎಲ್ಲಿ ಬೇಕಾದ್ರೂ ಕೂತ್ಕೋಬೋದು."