ಮೂರನೇ ಡಿಸ್ಕ್ ಯಾವುದು

ನಮ್ಮ ವಿದ್ಯಾಸಂಸ್ಥೆಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಕಾಲೇಜು. ನಾಲ್ಕಕ್ಕೂ ಸೇರಿ ಚಿತ್ರದುರ್ಗದ ಕಚೇರಿಯಲ್ಲಿ ಒಂದೇ ಸರ್ವರ್. ಅದರ ಉಸ್ತುವಾರಿ ನನ್ನದು. ಆ ಒಂದು ಯಂತ್ರದೊಳಗೆ ಸಾಫ್ಟ್‌ವೇರಿನಿಂದಲೇ ನಾಲ್ಕು ಕಂಪ್ಯೂಟರ್‌ಗಳನ್ನು ಮಾಡಿ ಊರಿಗೊಂದು ಹಂಚಿದ್ದೆವು. ಅವುಗಳ ಡಿಸ್ಕುಗಳೂ ನಿಜವಾದವಲ್ಲ. ಹೊರಗಿನಿಂದ ನೋಡಿದರೆ ಬರೀ ದೊಡ್ಡ ಫೈಲುಗಳು.

ಹಿರಿಯೂರಿನ ಕಂಪ್ಯೂಟರಿನ ಎರಡನೇ ಡಿಸ್ಕಿನಲ್ಲಿ ಅಲ್ಲಿನ ಗ್ರಂಥಪಾಲಕಿಯ ಹನ್ನೊಂದು ವರ್ಷದ ದುಡಿಮೆ ಇತ್ತು. ಅವರು ನನಗಿಂತ ಬಹಳ ಹಿರಿಯರು, ನಾನು ಅವರ ಮನೆಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ರಜೆ ಬಂದರೆ ಸಾಕು, ಬಸ್ಸು ಹತ್ತಿ ಮಾರಿಕಣಿವೆ ಅಣೆಕಟ್ಟಿನ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಮುದುಕಿಯರ ಬೀಸುವ ಪದಗಳನ್ನು ಫೋನಿನಲ್ಲಿ ಹಿಡಿದು ತರುತ್ತಿದ್ದರು. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ.

ಹೋದ ವರ್ಷ ಆ ಕಂಪ್ಯೂಟರಿನಲ್ಲಿ ಜಾಗ ಸಾಲದಾಯಿತು. ಇನ್ನೊಂದು ಡಿಸ್ಕ್ ಸೇರಿಸಲು ಸಂಸ್ಥೆಯ ಕಾರ್ಯದರ್ಶಿಗಳು ಹೊರಗಿನ ಎಂಜಿನಿಯರ್ ಒಬ್ಬನನ್ನು ಕರೆಸಿದರು. ನಾನು ಅವನಿಗೆ ಮೊದಲೇ ಹೇಳಿದೆ: "ಡಿಸ್ಕಿಗೆ ಸರ್ವರ್ ಕಡೆಯಿಂದ ಒಂದು ಸೀರಿಯಲ್ ನಂಬರ್ ಕೊಡ್ರಿ. ಹಿರಿಯೂರಿನ ಕಂಪ್ಯೂಟರ್ ಒಳಗೆ ಆ ನಂಬರ್ ನೋಡೇ ಗುರುತು ಹಿಡೀರಿ. ಎರಡನೇದು, ಮೂರನೇದು ಅನ್ನೋದನ್ನ ನಂಬೋ ಹಂಗಿಲ್ಲ. ರೀಸ್ಟಾರ್ಟ್ ಆದಾಗ ಅದಲುಬದಲು ಆಗ್ತೈತೆ."

ಅವನು ನಕ್ಕ. "ಎಷ್ಟೋ ಕಡೆ ಮಾಡೀನಿ ಮೇಡಂ. ಈಗ ಎರಡು ಅವೆ, ಹೊಸದು ಮೂರನೇದು. ಇದಕ್ಕೂ ಜಾತಕ ಬರೀಬೇಕಾ?"

ಕಾರ್ಯದರ್ಶಿಗಳೂ ನಕ್ಕರು. ನಾನು ಸುಮ್ಮನಾದೆ. ಸುಮ್ಮನಾದದ್ದಕ್ಕೆ ನನ್ನ ಮೇಲೆ ನನಗೇ ಇಂದಿಗೂ ಸಿಟ್ಟಿದೆ.

ಮಾರನೆಯ ದಿನವೇ ಆಪಾ ಫೋನ್ ಮಾಡಿದರು. ಒಂದು ಹಾಡೂ ಕಾಣುತ್ತಿಲ್ಲ. ಎಂಜಿನಿಯರನನ್ನು ಕೇಳಿದರೆ, "ನಾನು ಮುಟ್ಟಿದ್ದು ಹೊಸ ಡಿಸ್ಕ್ ಮಾತ್ರ. ಆ ಲೈಬ್ರರಿ ಮೇಡಮ್ಮೇ ಅಳಿಸಿರ್ತಾರೆ" ಅಂದುಬಿಟ್ಟ. ಕಾರ್ಯದರ್ಶಿಗಳಿಗೆ ಅಷ್ಟೇ ಸಾಕಾಯಿತು. ಹಿಂದುಮುಂದು ವಿಚಾರಿಸದೆ ಆಪಾಗೆ ನೋಟಿಸ್ ಕೊಟ್ಟರು. ಸಂಸ್ಥೆಯ ದಾಖಲೆಗಳನ್ನು ನಾಶಮಾಡಿದ್ದೀರಿ, ಉತ್ತರ ಕೊಡಿ ಎಂದು.

ಆಪಾ ಆ ಕಾಗದ ಹಿಡಿದುಕೊಂಡೇ ದುರ್ಗಕ್ಕೆ ಬಂದರು. ನನ್ನ ಎದುರು ಕುಳಿತು, "ನನ್ನ ಕೈಯಾರೆ ಕೂಡಿಟ್ಟಿದ್ದನ್ನ ನಾನೇ ಅಳಿಸ್ತೀನೇನಮ್ಮ?" ಎಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ನೋಡಿ ನನಗೆ ಮೈ ಉರಿದುಹೋಯಿತು.

ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಸರ್ವರ್ ತೆರೆದೆ. ಹುಡುಕುವುದು ಕಷ್ಟವೇನಾಗಲಿಲ್ಲ. ಹೊಸ ಡಿಸ್ಕ್ ಸೇರಿಸಿ ರೀಸ್ಟಾರ್ಟ್ ಮಾಡಿದಾಗ ಹೊಸದೇ ಎರಡನೆಯದಾಗಿ, ಹಾಡುಗಳಿದ್ದ ಹಳೆಯದು ಮೂರನೆಯದಾಗಿ ಕಂಡಿತ್ತು. ಎರಡರ ಅಳತೆಯೂ ಒಂದೇ, ಗುರುತಿನ ನಂಬರು ಎರಡಕ್ಕೂ ಇಲ್ಲ. ಅವನು ಕಣ್ಣುಮುಚ್ಚಿ ಮೂರನೆಯದನ್ನು ಫಾರ್ಮ್ಯಾಟ್ ಮಾಡಿ, ಒಳಗಿದ್ದದ್ದನ್ನೆಲ್ಲ ಅಳಿಸಿದ್ದ. ಹೊಸ ಡಿಸ್ಕಿನ ಫೈಲು ಕೈ ಸೋಕದೆ ಖಾಲಿ ಬಿದ್ದಿತ್ತು. ಆಜ್ಞೆ ಕೊಟ್ಟ ಸಮಯ, ಅವನ ಲಾಗಿನ್, ಎಲ್ಲವೂ ದಾಖಲಾಗಿದ್ದವು. ಆಪಾ ಅವರ ಲಾಗಿನ್‌ಗೆ ಡಿಸ್ಕ್ ಮುಟ್ಟುವ ಅಧಿಕಾರವೇ ಇರಲಿಲ್ಲ!

ಎಲ್ಲವನ್ನೂ ಪ್ರಿಂಟ್ ತೆಗೆದು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ. ಅವರು ಎರಡು ಹಾಳೆ ತಿರುವಿ, "ಆಯ್ತು ಬಿಡಮ್ಮ, ತಾಂತ್ರಿಕ ದೋಷ ಅಂತ ಬರ್ದು ನೋಟಿಸ್ ವಾಪಸ್ ತಗಳ್ತೀವಿ" ಎಂದರು.

"ದೋಷ ಯಂತ್ರದ್ದಲ್ಲ ಸಾರ್. ಯಂತ್ರ ಇದ್ದದ್ದನ್ನ ಇದ್ದಂಗೆ ಹೇಳೈತೆ. ಕೇಳಿಸ್ಕಳ್ದೆ ಇದ್ದೋರು ನಾವು. ಆಪಾನ್ನ ಕರ್ಸಿ ತಪ್ಪಾಯ್ತು ಅನ್ರಿ."

ಅವರು ಗಡಿಯಾರ ನೋಡಿ ಎದ್ದು ಹೋದರು. ನೋಟಿಸ್ ವಾಪಸಾಯಿತು, ಕ್ಷಮೆ ಬರಲಿಲ್ಲ. ಎಂಜಿನಿಯರ್ ಈಗಲೂ ಬೇರೆ ಕಾಲೇಜುಗಳಲ್ಲಿ ಇದೇ ಕೆಲಸ ಮಾಡುತ್ತಾನಂತೆ.

ಅಳಿಸಿದ ಡಿಸ್ಕಿನಿಂದ ಏನೂ ಮರಳಿ ಬರಲಿಲ್ಲ, ಸರ್ವರಿನಲ್ಲಿ ಬೇರೆ ನಕಲೂ ಇರಲಿಲ್ಲ. ಆಪಾ ಅವರ ಹಳೆಯ ಫೋನುಗಳನ್ನು ಜಾಲಾಡಿ ಒಂದಿಷ್ಟು ಹಾಡುಗಳನ್ನು ಉಳಿಸಿಕೊಂಡೆವು. ಮಿಕ್ಕವು ಹೋದವು, ಹಾಡಿದವರ ಜೊತೆಗೇ. ನಾನು ನಾಲ್ಕೂ ಊರಿನ ಕಂಪ್ಯೂಟರುಗಳ ಪ್ರತಿ ಡಿಸ್ಕಿಗೂ ನಂಬರು ಕೊಟ್ಟು, ಅದನ್ನೇ ನೋಡಿ ತೆರೆಯುವಂತೆ ಮಾಡಿದೆ. ಯಾರನ್ನೂ ಕೇಳದೆಯೇ ಮಾಡಿದೆ. ಅರ್ಧ ದಿನದ ಕೆಲಸ ಅಷ್ಟೇ.

ಮುಂದಿನ ಭಾನುವಾರ ಆಪಾ ಮತ್ತೆ ಮಾರಿಕಣಿವೆ ಕಡೆ ಹೊರಟರು. ಕಳಿಸಿಕೊಡಲು ನಾನು ಹಿರಿಯೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ, "ಹಾಡಿದೋರ ಸೊಸೆಯಂದ್ರಿಗೆ ಒಂದೊಂದ್ ಸಾಲಾದ್ರೂ ನೆನಪಿರ್ತೈತೆ, ಕೇಳಾಣ ಬಾರಮ್ಮ" ಎಂದರು. ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ.