ಶೆಟ್ಟೆವ್ವನ ಮನೆಯ ಹಿರಿಯ

ಗೋಕಾಕದ ನಮ್ಮ ಓಣಿಯಲ್ಲಿ ಶೆಟ್ಟೆವ್ವನ ಮನೆಗೆ ಹೋಗಿ ಒಣ ಬಾಯಲ್ಲಿ ಹೊರಬಂದವರು ಯಾರೂ ಇಲ್ಲ. ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿ, ಹಾಲು ಮಾರಿ ಬದುಕಿದ ಹೆಂಗಸು. ಮಕ್ಕಳಿರಲಿಲ್ಲ. ಹಾಲು ಕೊಳ್ಳಲು ಹೋದವರಿಗೂ ಚಹಾ, ಜಗಳಕ್ಕೆ ಹೋದವರಿಗೂ ಚಹಾ. ನಾನು ಅವಳ ಪಕ್ಕದ ಮನೆಯ ಶಾಲಾ ಮಾಸ್ತರ. ಈ ಎರಡೂ ಕಾರಣಕ್ಕೆ ಹೋಗಿ ಕುಡಿದು ಬಂದಿದ್ದೇನೆ.

೧೯೩೬ರ ಬೇಸಿಗೆಯಲ್ಲಿ ಅವಳ ಮುಂದಿನ ಕೋಣೆಗೆ ಇಬ್ಬರು ಅಮೆರಿಕದ ಹುಡುಗರು ಬಾಡಿಗೆಗೆ ಬಂದರು. ಮಾರ್ಮನ್ ಎಂಬ ಪಂಥದವರು. ಆ ಪಂಥದಲ್ಲಿ ಇಪ್ಪತ್ತು ವರ್ಷದ ಹುಡುಗರನ್ನು ಧರ್ಮ ಹೇಳಲು ಎರಡು ವರ್ಷ ಪರದೇಶಕ್ಕೆ ಕಳಿಸುತ್ತಾರಂತೆ. ಕಳಿಸುವಾಗ ‘ಹಿರಿಯ’ ಎಂಬ ಪದವಿಯನ್ನೂ ಕೊಡುತ್ತಾರೆ. ಮೀಸೆ ನೆಟ್ಟಗೆ ಬಾರದವರಿಗೆ ಇಂಥ ಪದವಿ ಏಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮೊದಲ ಮಳೆಗಾಲದಲ್ಲೇ ಒಬ್ಬ ಹಿರಿಯ ಚಳಿಜ್ವರ ಹತ್ತಿ ಮುಂಬಯಿಯಿಂದ ಹಡಗು ಏರಿದ. ಉಳಿದವನ ಹೆಸರು ಆಲ್ಡನ್. ನಾನು ಅವನಿಗೆ ಕನ್ನಡ ಕಲಿಸುತ್ತಿದ್ದೆ. ಶೆಟ್ಟೆವ್ವ ಅವನನ್ನು ‘ಹಿರ್ಯಾ’ ಎಂದೇ ಕರೆದಳು.

ಬಂದ ದಿನವೇ ರಾದ್ಧಾಂತ. ಶೆಟ್ಟೆವ್ವ ಹಿತ್ತಾಳೆ ಲೋಟದಲ್ಲಿ ಚಹಾ ತಂದಿಟ್ಟಳು. ಆಲ್ಡನ್ ಕೈಮುಗಿದು ಬೇಡವೆಂದ. ಬಿಳಿಯರು ತನ್ನ ಕೈಯದನ್ನು ಮುಟ್ಟುವುದಿಲ್ಲ ಎಂದುಕೊಂಡು ಅವಳ ಮುಖ ಸಣ್ಣದಾಯಿತು. ಮೂರು ದಿನ ರೊಟ್ಟಿಯನ್ನು ಹೊಸ್ತಿಲಲ್ಲಿಟ್ಟು ಮಾತಾಡದೆ ಹೋದಳು. ಕೊನೆಗೆ ನಾನೇ ಹೇಳಬೇಕಾಯಿತು, ಅವರಲ್ಲಿ ಚಹಾ, ಕಾಫಿ, ತಂಬಾಕು, ಹೆಂಡ ಯಾವುದೂ ನಡೆಯುವುದಿಲ್ಲ ಎಂದು.

“ಹೆಂಡಾ ಸರಿ. ಚಹಾ ಅವರ ದೇವರಿಗೆ ಏನ ಮಾಡೇತ್ರಿ, ಮಾಸ್ತರ್ರ?” ಎಂದಳು ಶೆಟ್ಟೆವ್ವ.

ಮರುದಿನ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಕುಟ್ಟಿ, ಎಮ್ಮೆ ಹಾಲಿನಲ್ಲಿ ಕುದಿಸಿ, ಕೊಣ್ಣೂರ ಬೆಲ್ಲ ಹಾಕಿದ ಕಷಾಯ ತಂದಳು. ಹಿರಿಯ ಅದನ್ನು ಕುಡಿದು ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ. ಅಂದಿನಿಂದ ಅವನು ಅವಳನ್ನು ಅವ್ವಾ ಎನ್ನತೊಡಗಿದ.

ಅವನ ದಿನಗಳೆಲ್ಲ ಒಂದೇ ಥರ. ಕೋಳಿ ಕೂಗುವ ಮುಂಚೆ ಎದ್ದು ಹೊರಸಿನ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದ. ಅದೇ ಹೊತ್ತಿಗೆ ಒಳಗೆ ಶೆಟ್ಟೆವ್ವ ಅಂಗೈಯಲ್ಲಿ ಲಿಂಗ ಹಿಡಿದು ಕೂತಿರುತ್ತಿದ್ದಳು. ನಡುವೆ ಒಂದು ಮಣ್ಣಿನ ಗೋಡೆ. ಯಾರು ಮೊದಲು ಮುಗಿಸಿದರೂ ಇನ್ನೊಬ್ಬರು ಏಳುವ ಸದ್ದು ಕೇಳುವ ತನಕ ಅಲುಗಾಡುತ್ತಿರಲಿಲ್ಲ. ಆಮೇಲೆ ಅವನು ಹಿತ್ತಲಲ್ಲಿ ತನ್ನ ಬಿಳಿ ಅಂಗಿಯನ್ನು ತಾನೇ ಒಗೆದು, ಹತ್ತು ಕನ್ನಡ ಶಬ್ದ ಬಾಯಿಪಾಠ ಮಾಡಿ ನನಗೆ ಒಪ್ಪಿಸಿ, ಕೊರಳಿಗೆ ಟೈ ಬಿಗಿದು ಸೈಕಲ್ ಹತ್ತುತ್ತಿದ್ದ.

“ಕೊರಳಾಗಿನ ಹಗ್ಗಾ ಬಿಚ್ಚಿಡೊ, ಬಿಸಲೈತಿ” ಎಂದು ಶೆಟ್ಟೆವ್ವ ದಿನಾಲು ಹೇಳುವಳು. ಅವನು ದಿನಾಲು ನಕ್ಕು ಹಾಗೆಯೇ ಹೋಗುವನು.

ಒಂದು ದಿನ ಕೊಣ್ಣೂರ, ಒಂದು ದಿನ ಮಸಗುಪ್ಪಿ. ಜನ ಕರೆದು ಕೂರಿಸಿ, ತಿನ್ನಲು ಕಬ್ಬು ಕೊಟ್ಟು, ಅವನ ಕನ್ನಡಕ್ಕೆ ನಕ್ಕು, ತಿರುಗಿ ತಮ್ಮ ಶರಣರ ಮಾತು ನಾಲ್ಕು ಹೇಳಿ ಕಳಿಸುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಅವನ ಪಂಥಕ್ಕೆ ಸೇರಲೂ ಇಲ್ಲ. ಸೇರುವುದೆಂದರೆ ಆಲ್ಡನ್ ಸೇರುವವನನ್ನು ಘಟಪ್ರಭೆಯಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸಬೇಕು, ಆಮೇಲೆ ಅವನ ಹೆಸರನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಪುಸ್ತಕ ಎರಡು ವರ್ಷವೂ ಖಾಲಿಯೇ ಉಳಿಯಿತು.

ರವಿವಾರ ತಾಯಿಗೆ ಪತ್ರ ಬರೆಯುತ್ತಿದ್ದ. ಅವಳೂ ವಿಧವೆ. ಹಸು ಕರೆದು, ಹಾಲು ಮಾರಿ ಮಗನ ಖರ್ಚಿಗೆ ಕಳಿಸುತ್ತಿದ್ದಳು. ಇದು ಒಂದು ದಿನ ಶೆಟ್ಟೆವ್ವನಿಗೆ ತಿಳಿಯಿತು. ಹಾಲು ಮಾರಿ ಬದುಕುವುದು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದಿನಿಂದ ಆ ಖಾಲಿ ಪುಸ್ತಕ ಅವಳ ಚಿಂತೆಯಾಯಿತು. ಎಮ್ಮೆ ಹಿಂಡುತ್ತ ನನ್ನನ್ನು ಕೇಳುವಳು: “ಇಂವಾ ಬರಿಗೈಲೆ ಹ್ವಾದ್ರ ಅವರವ್ವ ಏನಂತಾಳ್ರಿ?”

ಅವನು ಹೊರಡುವ ಹಿಂದಿನ ಸಂಜೆ ಶೆಟ್ಟೆವ್ವ ನನ್ನನ್ನೂ ಕರೆಸಿದಳು. ಚಹಾ ಕೊಟ್ಟಳು, ಅವನಿಗೆ ಕಷಾಯ ಕೊಟ್ಟಳು.

“ಹಿರ್ಯಾ, ನಿನ್ನ ಪುಸ್ತಕಾ ತಗಿ. ನನ್ನ ಹೆಸರ ಬರಕೊ.”

ಸುದ್ದಿ ಓಣಿಗೆ ಮುಟ್ಟಿದರೆ ನಾಳೆಯಿಂದ ಅವಳ ಹಾಲು ಕೊಳ್ಳುವವರು ಯಾರು?

“ಏನ ಮಾತಾಡಾಕತ್ತೀರಿ ಶೆಟ್ಟೆವ್ವ, ವಿಚಾರ ಮಾಡೀರೇನ್ರಿ?” ಎಂದೆ.

“ಮಾಡೇನ್ರಿ. ಹೊಳಿಯಾಗ ಮುಳಗೂದು ಏನ ದೊಡ್ಡದೈತಿ? ಸೋಮಾರಕ್ಕೊಮ್ಮೆ ನಾನ ಹೋಗಿ ಮುಳಗಿ ಬರ್ತೇನಿ. ನಾಳೆ ಮುಂಜಾನಿ ಇವನ ಮುಂದ ಮುಳಗಿದ್ರ ಆತು. ಲಿಂಗಾ ಮಾತ್ರ ನಾ ಬಿಡಂಗಿಲ್ಲ. ಹೆಸರ ಒಂದ ಬರಕೊಂಡ ಹೋಗ್ಲಿ, ಅವರವ್ವಗ ತೋರ್ಸಾಕ ಆಕ್ಕೈತಿ.”

ಆಲ್ಡನ್ ಪುಸ್ತಕ ತೆರೆದ. ಪೆನ್ನಿನ ಮುಚ್ಚಳವನ್ನೂ ತೆಗೆದ. ಅವನಿಗೆ ಆಸೆಯಿತ್ತು. ಎರಡು ವರ್ಷ ಸೈಕಲ್ ತುಳಿದವನಿಗೆ ಒಂದು ಹೆಸರಿನ ಆಸೆ ಇರಬಾರದೇನು? ನಿಬ್ಬು ಹಾಳೆಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಅವನು ಪುಸ್ತಕ ಮುಚ್ಚಿದ.

“ಅವ್ವಾ, ನಿಮ್ಮ ಮನಸ ಲಿಂಗದಾಗ ಐತ್ರಿ. ನಾ ಬರದ್ರ ಸುಳ್ಳ ಆಕ್ಕೈತಿ.”

ಅದು ನಾನು ಕಲಿಸಿದ ಪುಸ್ತಕದ ಕನ್ನಡವಲ್ಲ, ಶೆಟ್ಟೆವ್ವನ ಅಡುಗೆಮನೆಯ ಕನ್ನಡ. ಅವಳು ಸಿಟ್ಟಿನಿಂದ ಲೋಟ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಅತ್ತದ್ದು ನಮ್ಮಿಬ್ಬರಿಗೂ ಕೇಳಿಸಿತು. ಬೆಳಿಗ್ಗೆ ಅವನು ಕಷಾಯ ಕುಡಿದು, ಅವಳ ಕಾಲು ಮುಟ್ಟಿ, ಖಾಲಿ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮೋಟಾರು ಹತ್ತಿದ.

ಆರು ತಿಂಗಳ ಮೇಲೆ ಅವನ ತಾಯಿಯ ಪತ್ರ ಬಂತು. ನಾನು ಓದಿ ಹೇಳಿದೆ. ಮಗ ಸುಖವಾಗಿ ಬಂದಿದ್ದಾನೆ. ಅಲ್ಲಿ ತನಗೆ ಒಬ್ಬರೂ ಸಿಗಲಿಲ್ಲವೆಂದು ನೊಂದುಕೊಂಡಿದ್ದಾನೆ. ಬೆಳಿಗ್ಗೆ ಎದ್ದರೆ ನೀವು ಕೊಡುತ್ತಿದ್ದ ಪಾನೀಯ ಕೇಳುತ್ತಾನೆ, ಅದಕ್ಕೆ ಏನೇನು ಹಾಕಬೇಕೆಂದು ದಯವಿಟ್ಟು ತಿಳಿಸಿ. ಇಷ್ಟೇ ಇತ್ತು. ಆ ಸಂಜೆಯ ಮಾತು ಎಲ್ಲೂ ಇರಲಿಲ್ಲ. ಹುಡುಗ ತಾಯಿಗೂ ಹೇಳಿರಲಿಲ್ಲ.

ಶೆಟ್ಟೆವ್ವ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಎದುರು ಕೂತಳು.

“ಬರೀರಿ. ಕೊತ್ತಂಬರಿ ಎರಡ ಹಿಡಿ, ಜೀರಗಿ ಒಂದ ಹಿಡಿ. ಕರ್ರಗ ಹುರೀಬಾರ್ದು. ಬೆಲ್ಲಾ ಕಡೀಕ ಹಾಕಬೇಕು, ಮೊದಲ ಹಾಕಿದ್ರ ಹಾಲ ಒಡೀತೈತಿ.”

ಬರೆದು ಮುಗಿಸಿ, ಹೆಬ್ಬೆಟ್ಟು ಒತ್ತಿರಿ ಎಂದೆ.

“ತಡೀರಿ, ಇನ್ನೂ ಐತಿ” ಎಂದಳು. ಆಮೇಲೆ ಆ ತಾಯಿಗೆಂದು ಬರೆಸಿದಳು: “ತಂಗೀ, ನಿನ್ನ ಮಗಗ ಒಂದ ಹೆಸರ ಸಿಕ್ಕಿತ್ತವಾ, ನಂದು. ಬರಕೊ ಅಂತ ನಾನ ಅಂದಿದ್ದೆ. ಸುಳ್ಳ ಆಕ್ಕೈತಿ ಅಂತ ಅಂವಾ ಬರಕೊಳ್ಳಲಿಲ್ಲ. ಬರಿಗೈಲೆ ಬಂದಾನಂತ ತಿಳೀಬ್ಯಾಡ.”

ಆ ನಾಲ್ಕು ಸಾಲನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ನಡುವೆ ಎರಡು ಸಲ ಚಹಾ ಬಂತು.