ಗೌಡರ ಒಲೆಯಲ್ಲಿ ಒಡೆದ ಸಾಸು

ಮಾರಯ್ಯ ಕಾಫಿ ತೋಟದ ಹಾರ್ಪರ್ ದೊರೆಯ ಬಂಗಲೆಯಲ್ಲಿ ಹದಿನಾರು ವರ್ಷ ಅಡುಗೆ ಮಾಡಿದವನು. ದನದ ಮಾಂಸ ಮುಟ್ಟಲು ಮೇಲುಜಾತಿಯವರು ಯಾರೂ ಬಾರದ್ದರಿಂದ ದೊರೆಸಾನಿ ಹೊಲಗೇರಿಯ ಇವನನ್ನು ಅಡುಗೆಮನೆಗೆ ಬಿಟ್ಟುಕೊಂಡಳು. ಪ್ರೀತಿಯಿಂದೇನಲ್ಲ, ಹೊಟ್ಟೆಯ ಪಾಡಿಗೆ.

ಅವಳು ಕಲಿಸಿದ್ದರಲ್ಲಿ ಮಾರಯ್ಯನ ಕೈಗೆ ಹತ್ತಿದ್ದು ಬಿಳಿ ಸಾಸು. ಬೆಣ್ಣೆಯಲ್ಲಿ ಸಣ್ಣೀರುಳ್ಳಿ ಬಾಡಿಸಿ, ಬಿಳಿ ವೈನು ಹೊಯ್ದು ಅರ್ಧಕ್ಕೆ ಇಂಗಿಸಿ, ಕೋಳಿ ಬೆಂದ ರಸ ಸೇರಿಸಬೇಕು. ಆಮೇಲೆ ಪಾತ್ರೆ ಇಳಿಸಿ, ಕೆನೆಯಲ್ಲಿ ಕದಡಿದ ಮೊಟ್ಟೆಯ ಹಳದಿಯನ್ನು ನಿಧಾನವಾಗಿ ಬೆರೆಸಬೇಕು. ಮೊದಲ ಸಲ ಅದನ್ನು ಬಾಳೆಲೆಯ ದೊನ್ನೆಯಲ್ಲಿ ಮನೆಗೆ ಒಯ್ದಾಗ ಹೆಂಡತಿ ಮುತ್ತಮ್ಮ ಬೆರಳು ನೆಕ್ಕಿ, "ಮಜ್ಜಿಗೆ ಹುಳಿ ಹಂಗೇ ಅದೆ ಮಾರಾಯ, ಆದ್ರೆ ನಾಲ್ಗೆ ಬಿಟ್ಟು ಹೋಗಲ್ಲ" ಅಂದಿದ್ದಳು.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಪ್ಲಾಂಟರುಗಳ ಕ್ಲಬ್ಬಿನ ದೊಡ್ಡ ಕುಕ್ಕು ತೀರಿಕೊಂಡ. ಕ್ಲಬ್ಬಿನ ಸೆಕ್ರೆಟರಿಯೂ ಆಗಿದ್ದ ಹಾರ್ಪರ್ ಮಾರಯ್ಯನನ್ನು ಕರೆದು, "ಶನಿವಾರ ಮಧ್ಯಾಹ್ನ ಶೇಷಪ್ಪಗೌಡನ ಮನೆಯಲ್ಲಿ ಕಮಿಟಿಯವರಿಗೆ ಊಟ. ನೀನು ಹೋಗಿ ಮಾಡು. ನಿನ್ನ ಸಾಸು ಅವರಿಗೆ ಹಿಡಿಸಿದರೆ ಆ ಜಾಗ ನಿನಗೆ" ಅಂದ. ಆ ಜಾಗಕ್ಕೆ ಹೆಂಚಿನ ಎರಡು ಕೋಣೆಯ ಮನೆಯೂ ಸೇರಿತ್ತು. ಮುತ್ತಮ್ಮ ಅದೇ ಶೇಷಪ್ಪಗೌಡನ ತೋಟದಲ್ಲಿ ಮೇಸ್ತ್ರಿಯ ಬೈಗುಳ ತಿಂದು ಕಾಫಿ ಕೊಯ್ಯುವುದು ತಪ್ಪುತ್ತಿತ್ತು.

ಶೇಷಪ್ಪಗೌಡ ಹಾರ್ಪರನ ಬಂಗಲೆಯಲ್ಲಿ ಇದೇ ಸಾಸನ್ನು ತಟ್ಟೆ ಬಳಿದು ತಿಂದಿದ್ದವನು. ಅಲ್ಲಿ ಆಗದ ಮೈಲಿಗೆ ತನ್ನ ಮನೆಯಲ್ಲಿ ಆಗುತ್ತಿತ್ತು. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿಸಿ, ಮಾರಯ್ಯನನ್ನು ಅಲ್ಲಿ ಕೂರಿಸಿದ.

ದೊರೆಗಳು ಊಟಕ್ಕೆ ಕೂತಾಗ ಗೌಡನ ತಾಯಿ ತುಂಗಮ್ಮ ಪಾತ್ರೆ ತಂದು ನೆಲದ ಮೇಲಿಟ್ಟು ದೂರ ನಿಂತಳು.

"ಮೇಲಿಂದ ಹೊಯ್ಯಿ. ತಾಗಿಸ್ಬೇಡ."

ಮಾರಯ್ಯ ಹೊಯ್ದ. "ಅವ್ವಾರೇ, ಹಿಂಗೇ ಬಡ್ಸಿ. ಮತ್ತೆ ಒಲೆ ಮೇಲಿಟ್ರೆ ಒಡ್ದು ಹೋಯ್ತದೆ."

"ನಮ್ಮ ಒಲೆ ಕಾಣದೆ ಇರೋದು ನಮ್ಮ ತಟ್ಟೆಗೆ ಬರಲ್ಲ. ನಂಗೇ ಅಡುಗೆ ಹೇಳ್ಕೊಡ್ತೀಯೇನೋ?"

ಹೊಲೆಯನ ಕೈಯದನ್ನು ಬೆಂಕಿ ಶುದ್ಧ ಮಾಡಬೇಕಲ್ಲ! ಮುದುಕಿ ಅದನ್ನು ತನ್ನ ಒಲೆಯ ಮೇಲಿಟ್ಟು ಕೊತಕೊತ ಕುದಿಸಿದಳು. ಮೊಟ್ಟೆ ಗಂಟುಗಂಟಾಯಿತು, ಕೆನೆ ಒಡೆದು ನೀರು ಬೇರೆಯಾಯಿತು. ಹಾಗೆಯೇ ಕೋಳಿಯ ಮೇಲೆ ಸುರಿದು ಒಳಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಗೌಡ ಹಿಂದಿನ ಜಗಲಿಗೆ ನುಗ್ಗಿ ಬಂದ. "ಲೋ ಮಾರಾ! ಏನೋ ಇದು, ಕರು ಕಕ್ಕಿದಂಗೆ? ನನ್ನ ಮಾನ ಕಳೀಬೇಕು ಅಂತ್ಲೇ ಬಂದ್ಯಾ?"

"ಕುದಿಸ್ಬೇಡಿ ಅಂದಿದ್ದೆ ಗೌಡ್ರೇ. ಅವ್ವಾರನ್ನ ಕೇಳಿ."

ಗೌಡ ತಾಯಿಯ ಮುಖ ನೋಡಿದ. ಅವಳು ಗೋಡೆ ನೋಡಿದಳು. ಗೌಡನಿಗೆ ಎಲ್ಲ ತಿಳಿಯಿತು. ತಿಳಿದೂ ಒಳಗೆ ತಿರುಗಿ ದೊರೆಗಳಿಗೆ ಕೇಳುವಂತೆ ಕೂಗಿದ: "ಕುಡ್ದಿದಾನೆ ದೊರೆ! ನೀವು ಕಳ್ಸಿದ್ದ ವೈನನ್ನೆಲ್ಲ ಇವನೇ ಕುಡ್ದಿದಾನೆ!"

ಮಾರಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾರು ವರ್ಷ ಪಳಗಿದ ಕೈಗೆ ಈ ಮಾತು!

ಎರಡನೇ ಸಲ ಬಡಿಸಲೆಂದು ಅವನು ಅರ್ಧ ಸಾಸನ್ನು ಬೇರೆ ಪಾತ್ರೆಯಲ್ಲಿ, ಆರದಂತೆ ಬಿಸಿನೀರಿನ ಮೇಲೆ ಇಟ್ಟುಕೊಂಡಿದ್ದ. ಆ ಪಾತ್ರೆಯನ್ನೆತ್ತಿಕೊಂಡು ಅಂಗಳ ದಾಟಿದ, ಜಗಲಿ ಹತ್ತಿದ. ಬೂದಿ ಮೆತ್ತಿದ ಕಾಲಿನಲ್ಲೇ ಹೊಸಿಲು ದಾಟಿ ಒಳಗೆ ಹೋದ. ಹಿಂದೆ ತುಂಗಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು.

ಹಾರ್ಪರನ ತಟ್ಟೆಗೆ ಒಂದು ಸೌಟು ಹಾಕಿ ಹೇಳಿದ: "ಇದು ನಾನು ಮಾಡಿದ್ದು. ಅದು ಇವ್ರ ಒಲೆ ಮಾಡಿದ್ದು. ನನ್ ಬಾಯಿ ಮೂಸಿ ನೋಡಿ, ಕುಡಿದಿದೀನಾ ಅಂತ."

ಹಾರ್ಪರ್ ಮೂಸಲಿಲ್ಲ, ತಿಂದ. ಇನ್ನೊಂದು ಸೌಟು ಹಾಕೆಂದು ಕೈ ಮಾಡಿದ. ಕಮಿಟಿಯ ಉಳಿದ ನಾಲ್ವರು ದೊರೆಗಳೂ ತಟ್ಟೆ ಮುಂದೆ ಮಾಡಿದರು. ಮಾರಯ್ಯ ಬಡಿಸುತ್ತ ಬಂದು ಗೌಡನೆದುರು ನಿಂತ.

"ಗೌಡ್ರಿಗೆ?"

ಬೇಡವೆಂದರೆ ದೊರೆಗಳು ತಿನ್ನುವುದನ್ನೇ ಹೊಲಸು ಎಂದ ಹಾಗೆ. ಬೇಕೆಂದರೆ ತಾಯಿ ಬಾಗಿಲಲ್ಲೇ ಇದ್ದಾಳೆ.

"ಬಡ್ಸು," ಅಂದ ಗೌಡ, ಹಲ್ಲು ಕಚ್ಚಿಕೊಂಡು.

ಸೋಮವಾರ ಮೇಸ್ತ್ರಿ ಮುತ್ತಮ್ಮನನ್ನು ತೋಟದಿಂದ ಓಡಿಸಿದ. ಸಂಜೆಯೊಳಗೆ ಗೌಡನ ಆಳುಗಳು ಅವನ ಜಾಗದಲ್ಲಿದ್ದ ಇವರ ಗುಡಿಸಲನ್ನೂ ಕಿತ್ತುಹಾಕಿದರು. ಕ್ಲಬ್ಬಿನ ಕೆಲಸ ಸಿಕ್ಕಿತು, ನಿಜ. "ಇನ್ನು ಮೇಲೆ ಕರೆಯದೆ ಊಟದ ಕೋಣೆಗೆ ಕಾಲಿಟ್ಟರೆ ಒದ್ದು ಓಡಿಸ್ತೀನಿ" ಎಂದು ಹಾರ್ಪರ್ ಅದರ ಜೊತೆಗೇ ಸೇರಿಸಿದ. ಅವನಿಗೆ ಬೇಕಿದ್ದದ್ದು ಸಾಸು, ನ್ಯಾಯವಲ್ಲ.

ಹೆಂಚಿನ ಮನೆಯಲ್ಲಿ ಮೊದಲ ಭಾನುವಾರ ಮಾರಯ್ಯ ಕ್ಲಬ್ಬಿನ ಸೀಸೆಯ ತಳದಲ್ಲಿ ಉಳಿದ ವೈನಿನಿಂದ ಹೊಳೆಮೀನಿಗೆ ಅದೇ ಸಾಸು ಮಾಡಿದ. ಮುತ್ತಮ್ಮ ಚಪ್ಪರಿಸಿ ತಿಂದಳು. ಗಂಡನ ಬಿಗಿದ ಮುಖ ನೋಡಿ ಅಂದಳು: "ಒಂಚೂರು ನಗೋ ಮಾರಾಯ. ಕೆಲ್ಸ ಸಿಕ್ತಲ್ಲ."

"ಸಿಗ್ಲಿಲ್ಲ ಕಣೇ, ಕಿತ್ಕಂಡೆ," ಎಂದು ಮಾರಯ್ಯ ಮೀನಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದ.